ಎಲ್ಲರದೂ ಆದ ಮೇಲೆ

ತುಪ್ಪ ಕಾಯುವ ವಾಸನೆ ಎಂದರೆ ನನಗೆ ಇವತ್ತಿಗೂ ಅಮ್ಮನ ಅಡುಗೆಮನೆ. ಬೆಣ್ಣೆ ಕರಗಿ, ಚಟಪಟ ಸದ್ದು ಅಡಗಿ, ಕೊನೆಗೆ ಒಂದು ವೀಳ್ಯದೆಲೆ ಬಿದ್ದಾಗ ಏಳುತ್ತಿದ್ದ ಘಮ ಬೀದಿಯವರೆಗೂ ಬರುತ್ತಿತ್ತು. ನಾನೂ ಅಣ್ಣನೂ ಆಟ ಬಿಟ್ಟು ಓಡುತ್ತಿದ್ದೆವು. ತಳದ ಕಂದು ಗಸಿಗೆ ಬೆಲ್ಲ ಉಜ್ಜಿ ಅಮ್ಮ ಎರಡು ಉಂಡೆ ಕಟ್ಟುತ್ತಿದ್ದಳು. ದೊಡ್ಡದು ಅಣ್ಣನಿಗೆ, ಚಿಕ್ಕದು ನನಗೆ. ಅಮ್ಮನಿಗೆ ಬಾಣಲೆ ತೊಳೆಯುವುದು ಉಳಿಯುತ್ತಿತ್ತು.

ಅತ್ತಿಗೆ ಭಾಗೀರಥಿ ನಮ್ಮ ಮನೆಗೆ ಬಂದ ಮೇಲೆ ಆ ಕೆಲಸವನ್ನು ಅಮ್ಮನಿಂದ ಕಲಿತಳು. ವೀಳ್ಯದೆಲೆಯ ಸಮೇತ ಕಲಿತಳು. ಗವಿಪುರದ ನಮ್ಮ ಮನೆಯಲ್ಲಿ ನಲವತ್ತಾರು ವರ್ಷ ಶುಕ್ರವಾರ ಮಧ್ಯಾಹ್ನ ಆ ವಾಸನೆ ತಪ್ಪಲಿಲ್ಲ. ತೊಂಬತ್ತೇಳನೇ ಇಸವಿಯ ಒಂದು ಶುಕ್ರವಾರ ಅಣ್ಣ ಅಡುಗೆಮನೆಗೆ ಬಂದು ಒಲೆ ಆರಿಸಿದ.

"ಇನ್ಮೇಲೆ ಈ ಮನೇಲಿ ತುಪ್ಪ ಕಾಯಿಸೋದು ಬೇಡ."

"ಮೊಮ್ಮಗಳಿಗಾದ್ರೂ ಬೇಕಲ್ಲ ರೀ," ಎಂದಳು ಅತ್ತಿಗೆ.

"ಮಗುವಿನ ಹೆಸರು ಹೇಳ್ಕೊಂಡು ನೀನು ತಿಂತೀಯ. ರಿಪೋರ್ಟ್ ನೋಡಿದೆಯಲ್ಲ? ನೂರಾ ತೊಂಬತ್ತು."

ಅಣ್ಣ ಚಕ್ರಪಾಣಿಗೆ ಆಗ ಎಪ್ಪತ್ತೊಂದು. ಅಂಚೆ ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ದಿನಾ ಐದಕ್ಕೆ ಎದ್ದು ಲಾಲ್‌ಬಾಗಿಗೆ ನಡೆದು ಹೋಗಿ, ಬಂಡೆ ಹತ್ತಿ ಇಳಿದು, ಏಳೂವರೆಗೆ ಮನೆ ಸೇರುತ್ತಿದ್ದ. ಒಂದು ಮಾತ್ರೆ ನುಂಗಿದವನಲ್ಲ. ಅಲ್ಲಿ ಅವನಂತೆಯೇ ನಡೆಯುವ ಹಿರಿಯರ 'ಉಷಾ ನಡಿಗೆ ಬಳಗ' ಎಂಬುದೊಂದಿತ್ತು. ಬೂದುಗುಂಬಳದ ರಸ, ನೆನೆಸಿದ ಮೆಂತ್ಯ, ಮೊಳಕೆ ಕಾಳು, ಎಲ್ಲ ಅಲ್ಲಿಂದಲೇ ನಮ್ಮ ಮನೆಗೆ ಬಂದಿದ್ದು. ಬಳಗದವರು ಒಂದು ಭಾನುವಾರ ಉಚಿತ ರಕ್ತಪರೀಕ್ಷೆ ಇಟ್ಟಾಗ ಅತ್ತಿಗೆಯನ್ನೂ ಕರೆದುಕೊಂಡು ಹೋಗಿದ್ದ. ಅಲ್ಲಿ ಅವಳ ಸಕ್ಕರೆ ಕಾಯಿಲೆ ಸಿಕ್ಕಿತು.

ಅಣ್ಣನ ಹೆದರಿಕೆಗೆ ಕಾರಣವಿತ್ತು. ನಮ್ಮಪ್ಪ ಅದೇ ಕಾಯಿಲೆಯಿಂದ ಐವತ್ತೆಂಟಕ್ಕೆ ಕಾಲು ಕತ್ತರಿಸಿಕೊಂಡು ಹೋದರು. ಆ ಗಾಯ ತೊಳೆಯುತ್ತಿದ್ದವನು ಅಣ್ಣ.

ಬುಲ್ ಟೆಂಪಲ್ ರಸ್ತೆಯ ಒಬ್ಬ ಡಾಕ್ಟರ ಹತ್ತಿರ ಅತ್ತಿಗೆಯನ್ನು ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ನಾನು ಮದುವೆಯಾಗಲಿಲ್ಲ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾಗಿ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಅತ್ತಿಗೆಯ ಮುಖ ನೋಡಿಯೇ ಕೇಳಿದರು.

"ದಿನಾ ಏನೇನು ಊಟ ಮಾಡ್ತೀರಮ್ಮ?"

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಹೇಳಿದ. "ಬೆಳಗ್ಗೆ ಮೂರು ದೋಸೆ, ಇಲ್ಲಾಂದ್ರೆ ಉಪ್ಪಿಟ್ಟು. ಹತ್ತೂವರೆಗೆ ಊಟ. ಹುಳಿ ಅನ್ನ, ಸಾರನ್ನ, ಮೊಸರನ್ನ, ಎರಡು ಪಲ್ಯ. ಸಾಯಂಕಾಲ ಏನಾದ್ರೂ ಕುರುಕಲು. ರಾತ್ರಿ ಮತ್ತೆ ಊಟ. ನಮ್ಮನೇಲಿ ಎಲ್ರಿಗೂ ಒಂದೇ ಅಡುಗೆ ಡಾಕ್ಟ್ರೆ."

"ಚೆನ್ನಾಗೇ ಊಟ ಮಾಡ್ತಾರೆ ಹಾಗಾದ್ರೆ," ಎಂದು ಡಾಕ್ಟರು ನಕ್ಕರು. ಅತ್ತಿಗೆಯೂ ನಕ್ಕಳು. ಅವರು ಆ ಊಟಕ್ಕೆ ತಕ್ಕ ಮಾತ್ರೆ ಬರೆದರು. ಅನ್ನ ಒಂದು ಹಿಡಿ, ಚಪಾತಿ ಎರಡು, ತರಕಾರಿ ಹೊಟ್ಟೆ ತುಂಬ. ತುಪ್ಪ, ಸಿಹಿ ಬೇಡ. "ಬೆಳಗ್ಗೆ ಮಾತ್ರೆ ತಗೊಂಡು ಅರ್ಧ ಗಂಟೆಯೊಳಗೆ ತಿಂಡಿ ತಿಂದುಬಿಡಬೇಕು. ಅದು ಮಾತ್ರ ಮರೀಬೇಡಿ."

ಅಣ್ಣ ಆ ಸಂಜೆಯೇ ಒಂದು ದೊಡ್ಡ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ಎಲ್ಲ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ. ಬೇಡದ್ದೆಲ್ಲ ಕೆಂಪು ಶಾಯಿಯಲ್ಲಿತ್ತು. ತಿನ್ನಲೇಬೇಕು ಎಂದ ಮಾತು ಹಾಳೆಗೆ ಬರಲಿಲ್ಲ.

ಪ್ರತಿ ಭಾನುವಾರ ಹಜಾರದಲ್ಲಿ ತೂಕ. ಅದಕ್ಕೆಂದೇ ಒಂದು ಯಂತ್ರ ಕೊಂಡು ತಂದಿದ್ದ. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಹಿಡಿದು ಅದರ ಮೇಲೆ ನಿಲ್ಲುವಳು. ಅಣ್ಣ ಬಗ್ಗಿ ಓದುವನು.

"ಐವತ್ತೆಂಟೂವರೆ! ಕಳೆದ ವಾರ ಐವತ್ತೊಂಬತ್ತೂ ಕಾಲು."

"ಅಜ್ಜಿ, ನೀನು ಇನ್ನು ಸೀರೆ ಅಂಗಡಿ ಜಾಹೀರಾತಿಗೆ ನಿಂತ್ಕೋಬಹುದು," ಎಂದಳು ಮೊಮ್ಮಗಳು ಧೃತಿ. ಅವಳಿಗೆ ಹನ್ನೆರಡು.

"ನಿಲ್ತೀನಂತೆ. ಮೊದ್ಲು ನಿನ್ನ ಜಡೆ ಹಾಕ್ತೀನಿ ಬಾ," ಎಂದು ಅತ್ತಿಗೆ ಇಳಿದಳು. ಇಳಿಯುವಾಗ ಗೋಡೆ ಹಿಡಿದುಕೊಂಡಳು.

ಎದುರು ಮನೆಯ ಗಂಗಾಧರಯ್ಯ, ಅಣ್ಣನ ನಡಿಗೆಯ ಜೊತೆಗಾರ, ಪೇಪರು ಓದಲು ಬಂದು ಕೂತಿದ್ದ. ಅವನಿಗೆ ಅಣ್ಣ ಹೇಳಿದ, "ನೋಡಿ, ಐದು ವಾರಕ್ಕೆ ನಾಲ್ಕು ಕೆಜಿ ಇಳಿಸಿದೀನಿ."

ಆಷಾಢ ಬಂತು. ಪ್ರಥಮ ಏಕಾದಶಿಯಿಂದ ನಮ್ಮ ಮನೆಯಲ್ಲಿ ಚಾತುರ್ಮಾಸ್ಯದ ವ್ರತ. ಮೊದಲ ತಿಂಗಳು ಶಾಕವ್ರತ. ಒಂದು ತಿಂಗಳು ತರಕಾರಿ, ಸೊಪ್ಪು, ಹಣ್ಣು ಯಾವುದೂ ಇಲ್ಲ. ಹೆಸರುಬೇಳೆ, ಮೆಣಸು, ಜೀರಿಗೆಯಲ್ಲಿ ಅಡುಗೆ. ಆ ತಿಂಗಳು ಹೊಟ್ಟೆ ತುಂಬಿಸುವುದು ಅನ್ನವೇ. ವ್ರತ ಹಿಡಿಯುವುದು ಅಣ್ಣ ಮತ್ತು ಅತ್ತಿಗೆ. ಉಳಿದ ನಮಗೆ ಎಂದಿನ ಅಡುಗೆ. ಆರಾಧನಾ ಅಣ್ಣನ ಸೊಸೆ, ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಟೀಚರ್.

ಬೆಳಗ್ಗೆ ಡಬ್ಬಿ ಕಟ್ಟುತ್ತಲೇ ಅವಳು ಹೇಳಿದಳು. "ಮಾವ, ಅತ್ತೆಗೆ ಈ ಸಲ ವ್ರತ ಬೇಡ."

"ಯಾಕಮ್ಮ?"

"ಡಾಕ್ಟ್ರು ತರಕಾರಿ ಹೊಟ್ಟೆ ತುಂಬ ತಿನ್ನಿ ಅಂದಿದಾರೆ. ವ್ರತದಲ್ಲಿ ತರಕಾರಿ ಇಲ್ಲ. ಅನ್ನ ನಿಮ್ಮ ಹಾಳೇಲಿ ಒಂದೇ ಹಿಡಿ. ಇನ್ನು ಅವ್ರು ತಿನ್ನೋದು ಏನನ್ನ?"

"ಹೆಸರುಬೇಳೆ ಕಟ್ಟು ಇದೆ. ಚಪಾತಿ ಇದೆ. ಮಜ್ಜಿಗೆ ಇದೆ. ಋಷಿಗಳು ಗಾಳಿ ಕುಡ್ಕೊಂಡು ನೂರು ವರ್ಷ ಬದುಕಿದ್ರು."

"ಋಷಿಗಳು ಆರು ಜನಕ್ಕೆ ಅಡುಗೆ ಮಾಡ್ತಿರ್ಲಿಲ್ಲ ಮಾವ."

ಅಣ್ಣನ ಕಿವಿ ಕೆಂಪಾಯಿತು. "ಅಭಿರಾಮ, ನಿನ್ನ ಹೆಂಡ್ತಿ ಸ್ಕೂಲಿನ ಪಾಠ ಮನೇಲೂ ಶುರು ಮಾಡಿದಾಳೆ ನೋಡು."

ನಮ್ಮ ಅಭಿರಾಮ ಬೂಟಿನ ದಾರ ಕಟ್ಟುತ್ತಿದ್ದ. ತಲೆ ಎತ್ತಲಿಲ್ಲ. "ಆರಾಧನಾ, ಬೆಳಗ್ಗೆ ಬೆಳಗ್ಗೆ ಯಾಕೆ ಇದೆಲ್ಲ? ಬಸ್ ಹೋಗತ್ತೆ."

"ನಂಗೇನೂ ತೊಂದ್ರೆ ಇಲ್ಲ ಕಣೇ," ಎಂದಳು ಅತ್ತಿಗೆ ಒಳಗಿನಿಂದ. "ಹೊರಡು ನೀನು. ಕೊಡೆ ತಗೊಂಡ್ಯಾ?"

ಆರಾಧನಾ ಕೊಡೆ ಮರೆತಿದ್ದಳು. ಅತ್ತಿಗೆ ತಂದು ಕೊಟ್ಟಳು.

ನಾನು ಹತ್ತೂವರೆಗೆ ಅಣ್ಣನ ಪಕ್ಕದಲ್ಲಿ ಕೂತು ಊಟ ಮಾಡಿದೆ. ಸಂಬಳ ತರುವ ಹೆಂಗಸು ಎಂದು ನನಗೆ ಆ ಜಾಗ ಮೊದಲಿನಿಂದಲೂ ಸಿಕ್ಕಿತ್ತು. ಅತ್ತಿಗೆ ಬಡಿಸಿದಳು. ನಾವು ಕೈ ತೊಳೆದು ಎದ್ದು ಬಂದೆವು. ಎಲ್ಲರದೂ ಆದ ಮೇಲೆ ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೂರುತ್ತಿದ್ದಳು. ಅದು ಅಮ್ಮ ಹಾಕಿಕೊಟ್ಟ ಕ್ರಮ.

ಎರಡನೇ ವಾರದಲ್ಲಿ ನಮ್ಮ ಮನೆಗೆಲಸದ ಮಾರಕ್ಕ ಅಂಗಳದಲ್ಲಿ ನನ್ನನ್ನು ತಡೆದಳು.

"ಅಮ್ಮಾವ್ರ ಕೈ ನಡುಗ್ತಾ ಐತೆ, ನೋಡಿದ್ರಾ?"

"ವಯಸ್ಸಾಯ್ತಲ್ಲ ಮಾರಕ್ಕ."

"ವಯಸ್ಸಲ್ಲ ಕಣಕ್ಕ. ನಮ್ಮೆಜಮಾನ್ರಿಗೂ ಇದೇ ಕಾಯ್ಲೆ ಇತ್ತಲ್ಲ. ಮಾತ್ರೆ ನುಂಗಿ ಉಣ್ಣದಿದ್ರೆ ಹಿಂಗೇ ಬೆವರು ಕಿತ್ಕೊಂಡು ಬರೋದು. ಒಂಚೂರು ಸಕ್ಕರೆ ಬಾಯಿಗೆ ಹಾಕಿದ್ರೆ ಎದ್ದು ಕೂತ್ಕೊಳ್ಳೋರು. ಸ್ವಾಮಿಗಳಿಗೆ ಹೇಳಿ."

ಊಟದ ಹೊತ್ತಿಗೆ ಹೇಳಿದೆ. ಅಣ್ಣ ನಕ್ಕ. "ಮಾರಕ್ಕ ಯಾವ ಕಾಲೇಜಲ್ಲಿ ಎಂಬಿಬಿಎಸ್ ಮಾಡಿದ್ಲಂತೆ? ಸಕ್ಕರೆ ಕಾಯಿಲೆಗೆ ಸಕ್ಕರೆ!"

ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯಬೇಕು.

ಮರುದಿನ ಮಧ್ಯಾಹ್ನ ಅತ್ತಿಗೆ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. ಹತ್ತಿ ಬೆರಳಿಗೆ ನಿಲ್ಲುತ್ತಿರಲಿಲ್ಲ. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಎದ್ದು ದೇವರ ಮನೆಗೆ ಹೋದಳು. ಅಲ್ಲಿ ಸಂಜೆಯ ನೈವೇದ್ಯಕ್ಕೆಂದು ಇಟ್ಟ ಬೆಲ್ಲದ ಬಟ್ಟಲಿತ್ತು. ಅಣ್ಣ ಅವಳ ಹಿಂದೆಯೇ ಹೋದ. ನಾನು ಪುಸ್ತಕ ಹಿಡಿದು ಕೂತಲ್ಲಿಂದಲೇ ನೋಡಿದೆ. ಧೃತಿ ಅದೇ ತಾನೇ ಶಾಲೆಯಿಂದ ಬಂದು ಚೀಲ ಇಳಿಸುತ್ತಿದ್ದಳು.

"ಬಾಯಿ ತೆಗಿ."

ಅತ್ತಿಗೆ ಸೆರಗನ್ನು ಬಾಯಿಗೆ ಹಿಡಿದಳು.

"ಆ ಅನ್ನು."

ಅರವತ್ತಾರು ವರ್ಷದ ಅತ್ತಿಗೆ ಮಗುವಿನ ಹಾಗೆ ಬಾಯಿ ತೆರೆದಳು. ನಾಲಿಗೆಯ ಮೇಲೆ ಕಡಲೆಕಾಳಿನಷ್ಟು ಬೆಲ್ಲವಿತ್ತು.

"ದೇವರ ಬೆಲ್ಲ. ಇನ್ನೂ ನೈವೇದ್ಯ ಆಗಿಲ್ಲ. ಅದನ್ನ ಕದ್ದು ತಿಂತೀಯ? ಅಪ್ಪನ ಹಾಗೆ ಕಾಲು ಕತ್ತರಿಸ್ಕೊಂಡು ಬೀಳ್ತೀಯಾ? ಬಿದ್ರೆ ನಿನ್ನ ಯಾರು ತೊಳೀಬೇಕು? ನಾನು ಒಂದ್ಸಲ ತೊಳೆದಿದೀನಿ, ಇನ್ನೊಂದ್ಸಲ ಆಗಲ್ಲ. ಹೋಗು, ಉಗುಳಿ ಬಾ."

"ತಲೆ ಸುತ್ತಿದ ಹಾಗಾಯ್ತು ರೀ..."

"ಉಗುಳಿ ಬಾ."

"ಅಣ್ಣಾ, ಚೂರು ತಾನೇ," ಎಂದೆ.

"ನೀನು ಸುಮ್ನಿರು. ಸಂಸಾರ ಮಾಡಿದವಳಲ್ಲ, ನಿಂಗೆ ಇದೆಲ್ಲ ಗೊತ್ತಾಗಲ್ಲ."

ಅತ್ತಿಗೆ ಹಿತ್ತಿಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದಳು. ಅಣ್ಣ ಸಕ್ಕರೆ, ಬೆಲ್ಲ, ಅವಲಕ್ಕಿ, ಮಗುವಿನ ಬಿಸ್ಕತ್ತು ಎಲ್ಲವನ್ನೂ ಅಡುಗೆಮನೆಯ ಗೋಡೆ ಬೀರುವಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡ. ಆರಾಧನಾ ಸಂಜೆ ಬಂದು ಜಗಳವಾಡಿದಳು. ಅಭಿರಾಮ ಟಿವಿಯ ಸದ್ದು ಜೋರು ಮಾಡಿದ. ಆಮೇಲಿಂದ ಬೆಳಗಿನ ಕಾಫಿಗೆ ಸಕ್ಕರೆಯನ್ನು ಅಣ್ಣನೇ ಅಳೆದು ಕೊಡುತ್ತಿದ್ದ.

ಧೃತಿ ತನ್ನ ಹುಟ್ಟುಹಬ್ಬದ ಚಾಕೊಲೇಟೊಂದನ್ನು ಅಜ್ಜಿಯ ದಿಂಬಿನ ಕೆಳಗಿಟ್ಟಳು. ಬೆಳಗ್ಗೆ ಅದು ಅವಳ ಕಂಪಾಸ್ ಪೆಟ್ಟಿಗೆಗೆ ಮರಳಿ ಬಂದಿತ್ತು. "ತಾತ ನೋಡಿದ್ರೆ ನಿನ್ನ ಬೈತಾರೆ ಪುಟ್ಟಿ," ಎಂದಳಂತೆ ಅತ್ತಿಗೆ.

ತೂಕ ಐವತ್ತೈದಕ್ಕೆ ಬಂದ ವಾರ ಇನ್ನೊಂದು ಏಕಾದಶಿ ಬಂತು. ಅಣ್ಣ, ಅತ್ತಿಗೆ, ನಾನು ಮೂವರೂ ಆ ದಿನ ನೀರೂ ಮುಟ್ಟುವುದಿಲ್ಲ. ಏಳೂವರೆಗೆ ನಡಿಗೆ ಮುಗಿಸಿ ಬಂದ ಅಣ್ಣ ಮಾತ್ರೆಯನ್ನು ಅತ್ತಿಗೆಯ ಅಂಗೈಗೆ ಹಾಕಿದ.

"ಇವತ್ತೂ ತಗೋಬೇಕಾ?"

"ಔಷಧಕ್ಕೆ ಏಕಾದಶಿ ದೋಷ ಇಲ್ಲ. ಒಂದು ಗುಟುಕು ನೀರಲ್ಲಿ ನುಂಗು. ಲಂಘನಂ ಪರಮೌಷಧಂ. ಮಾತ್ರೇನೂ ಲಂಘನಾನೂ ಒಟ್ಟಿಗೆ ಸೇರಿದ್ರೆ ಕಾಯಿಲೆ ಓಡಿಹೋಗತ್ತೆ."

ಅವಳು ನುಂಗಿದಳು. ಮಗ, ಸೊಸೆ, ಮೊಮ್ಮಗಳಿಗೆ ತಿಂಡಿ ಮಾಡಿದಳು. ಆರಾಧನಾ, ಧೃತಿ ಶಾಲೆಗೆ, ಅಭಿರಾಮ ಬ್ಯಾಂಕಿಗೆ ಹೋದರು. ಹತ್ತು ಗಂಟೆಗೆ ಅತ್ತಿಗೆ ಹಜಾರಕ್ಕೆ ಬಂದು ಬಾಗಿಲು ಹಿಡಿದು ನಿಂತಳು. ಮಾತು ತೊದಲುತ್ತಿತ್ತು.

"ರೀ... ನಂಗೆ ಹಸಿವಾಗ್ತಿದೆ."

ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ಅಣ್ಣ ಪೇಪರಿನಿಂದ ಕಣ್ಣೆತ್ತಿದ. "ಏಕಾದಶಿ ದಿನ ಹಸಿವಾಗದೆ ಇನ್ನೇನಾಗತ್ತೆ? ನಂಗಾಗ್ತಿಲ್ವಾ? ಇವಳಿಗಾಗ್ತಿಲ್ವಾ? ಹೋಗು, ಮಲಕ್ಕೋ."

ಅವಳು ಹೋಗಿ ಮಲಗಿದಳು.

ಹನ್ನೊಂದಕ್ಕೆ ನೆಲ ಒರೆಸಲು ಬಂದ ಮಾರಕ್ಕ ಕೋಣೆಯಿಂದ ಕೂಗಿದಳು. ಅತ್ತಿಗೆಯ ರವಿಕೆ ಒದ್ದೆಯಾಗಿ ಮೈಗೆ ಅಂಟಿತ್ತು. ಕಣ್ಣು ಅರ್ಧ ತೆರೆದಿತ್ತು. ಕರೆದರೆ ಗೊರಗೊರ ಸದ್ದು.

"ಮಲಗಿದಾಳೆ, ಎಬ್ಬಿಸ್ಬೇಡ," ಎಂದ ಅಣ್ಣ.

"ಮಲಗಿದಂಗಿಲ್ಲ ಸ್ವಾಮಿ. ಸಕ್ಕರೆ ಕೊಡಿ. ಬೇಗ."

"ಅದಕ್ಕೇ ಈ ನಾಟಕ. ಬೆಲ್ಲ ಸಿಗಲ್ಲ ಅಂತ ಗೊತ್ತಾದ ಮೇಲೆ ಹೀಗೆ. ಏಕಾದಶಿ ಮುರೀಬೇಕು ಅಂತ ಹಟ."

"ಅಣ್ಣಾ, ಡಾಕ್ಟ್ರನ್ನಾದ್ರೂ..." ಎಂದೆ.

"ಅರ್ಧ ಗಂಟೆ ನೋಡೋಣ. ತಾನೇ ಏಳ್ತಾಳೆ."

ನೋಡಿದೆವು. ಅರ್ಧ ಗಂಟೆ ಮುಕ್ಕಾಲು ಗಂಟೆಯಾಯಿತು. ನನ್ನ ಕೈಚೀಲದಲ್ಲಿ ಪೆಪ್ಪರಮೆಂಟಿನ ಪೊಟ್ಟಣವಿತ್ತು. ಅದು ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದಲ್ಲಿ ನಮ್ಮ ಅಡುಗೆಮನೆಯ ಹೊಸಿಲು ದಾಟದ ಮಾರಕ್ಕ ಆವತ್ತು ದಾಟಿದಳು. ಬೀರುವಿನ ಬೀಗ ಎಳೆದಳು. ಅದು ಬರಲಿಲ್ಲ. ತಿರುಗಿ ಅಣ್ಣನ ಎದೆಯ ಮೇಲೆ ನೇತಾಡುತ್ತಿದ್ದ ಕೀಲಿ ನೋಡಿದಳು. ಅಣ್ಣ ಅದರ ಮೇಲೆ ಕೈಯಿಟ್ಟುಕೊಂಡ. ಅವಳು ಬರಿಗಾಲಲ್ಲಿ ಎದುರು ಮನೆಗೆ ಓಡಿದಳು. ಗಂಗಾಧರಯ್ಯ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಆಟೋ ನಿಲ್ಲಿಸಿದ. ದಾರಿಯುದ್ದಕ್ಕೂ ಮಾರಕ್ಕ ಅತ್ತಿಗೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಯೊಳಗೆ ಸಕ್ಕರೆ ಉಜ್ಜುತ್ತ ಬಂದಳು.

ಆಸ್ಪತ್ರೆಯಲ್ಲಿ ಸಕ್ಕರೆ ಇಪ್ಪತ್ತೆರಡಕ್ಕೆ ಇಳಿದಿದೆ ಎಂದರು. ನರಕ್ಕೆ ಸೂಜಿ ಚುಚ್ಚಿದರು. ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರು ಕೇಳಿದರು, "ಎಷ್ಟು ಹೊತ್ತಾಯ್ತು ಪ್ರಜ್ಞೆ ತಪ್ಪಿ?" ಅಣ್ಣ ಗೋಡೆಯ ಗಡಿಯಾರ ನೋಡಿದ. ಅಷ್ಟರಲ್ಲಿ ಅಭಿರಾಮ, ಆರಾಧನಾ ಬಂದಿದ್ದರು.

"ದಿನಾ ಏನು ತಿಂತಿದ್ರು ಇವ್ರು?"

ಅಣ್ಣ ಮಡಿಸಿ ತಂದಿದ್ದ ಹಾಳೆ ಬಿಚ್ಚಿದ. ಡಾಕ್ಟರು ಅದರ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. "ಇದು ತಿನ್ನಬಾರದ್ದು. ಏನು ತಿಂತಿದ್ರು ಅಂತ ಕೇಳಿದ್ದು."

"ಅಮ್ಮ ಊಟ ಮಾಡ್ತಿದ್ರು..." ಎಂದ ಅಭಿರಾಮ.

"ಏನು ಊಟ? ಎಷ್ಟು?"

ಅವನು ಆರಾಧನಾಳನ್ನು ನೋಡಿದ. "ಅತ್ತೆ ಕೊನೇಲಿ ಕೂತ್ಕೋತಾರೆ," ಎಂದಳು ಅವಳು. "ಅಷ್ಟೊತ್ತಿಗೆ ನಾನು ಸ್ಕೂಲಿಗೆ ಹೋಗಿರ್ತೀನಿ." ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಆ ಮನೆಯಲ್ಲೇ ಹುಟ್ಟಿದವಳು. ಅತ್ತಿಗೆ ತುತ್ತು ಎತ್ತಿ ಬಾಯಿಗಿಡುವುದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಸಿಗಲಿಲ್ಲ.

"ನಾನು ಹೇಳ್ಲಾ ಡಾಕ್ಟ್ರಮ್ಮ?" ಬಾಗಿಲ ಹೊರಗಿನಿಂದ ಮಾರಕ್ಕ ಕೇಳಿದಳು. "ತಟ್ಟೆ ತೊಳೆಯೋಳು ನಾನು. ಒಂದು ಚಪಾತಿ, ಬೇಳೆಕಟ್ಟಿನ ತಳ. ಎಷ್ಟೋ ದಿನ ಅವ್ರ ತಟ್ಟೇನೇ ಬೀಳ್ತಿರ್ಲಿಲ್ಲ. ಈ ಕಾಯ್ಲೆಗೆ ಮುಂಚೆನೂ ಅಷ್ಟೆಯಾ. ತಳದ ಅನ್ನ, ತಿಳಿಸಾರು. ಬೆಳಿಗ್ಗೆದು ಕಾಪಿ ಮಾತ್ರ."

ಡಾಕ್ಟರು ಮಾತ್ರೆಯ ಚೀಟಿ ತೆಗೆದುಕೊಂಡು ಎರಡು ಸಲ ಓದಿದರು.

"ಹಾಗಾದ್ರೆ ಇದು ಯಾರ ಊಟಕ್ಕೆ ಬರೆದ ಮಾತ್ರೆ?"

ಅತ್ತಿಗೆ ಹನ್ನೊಂದು ದಿನದ ಮೇಲೆ ಮನೆಗೆ ಬಂದಳು. ನಡೆಯುತ್ತಿದ್ದಳು, ಸೀರೆ ಉಟ್ಟುಕೊಳ್ಳುತ್ತಿದ್ದಳು. ಆದರೆ ನನ್ನನ್ನು 'ಅತ್ತೆ' ಎಂದು ಕರೆಯತೊಡಗಿದಳು. ನಮ್ಮ ಅಮ್ಮನೆಂದು ತಿಳಿದಿದ್ದಳು. ಧೃತಿಯ ಹೆಸರು ಹೋಗಿತ್ತು. ಹಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಎಲ್ಲರದೂ ಆಯ್ತಾ?" ಆಗಿಲ್ಲ ಎಂದರೆ ತುಟಿ ಬಿಗಿ ಹಿಡಿಯುವಳು, ಯಾರು ಏನು ಮಾಡಿದರೂ ತೆರೆಯುತ್ತಿರಲಿಲ್ಲ. ಮೆದುಳಿಗೆ ಪೆಟ್ಟಾಗಿದೆ, ಇನ್ನು ಹೀಗೇ ಎಂದರು ಡಾಕ್ಟರು. ಬೆಳಗ್ಗೆ ಎಂಟರೊಳಗೆ ಹೊಟ್ಟೆಗೆ ಬೀಳಲೇಬೇಕು, ಒಂದು ದಿನವೂ ತಪ್ಪಬಾರದು ಎಂದರು.

ಆರಾಧನಾ ಸುಳ್ಳು ಹೇಳುವುದನ್ನು ಕಲಿತಳು. ಅಣ್ಣ ಲಾಲ್‌ಬಾಗಿನಿಂದ ಬರುವ ಮೊದಲೇ ಏಳಕ್ಕೆ ಮೆತ್ತಗಿನ ಅನ್ನ ಕಲಸಿ ತಂದು, "ಎಲ್ಲರದೂ ಆಯ್ತು ಅತ್ತೆ, ನಿಮ್ದೊಂದೇ ಬಾಕಿ," ಎನ್ನುವಳು. ಆಗ ಅತ್ತಿಗೆ ಒಂದು ಸಲ ಬಾಗಿಲ ಕಡೆ ನೋಡಿ, ಆಮೇಲೆ ಉಣ್ಣುವಳು. ಬೀರುವಿನ ಕೀಲಿ ಒಂದು ದಿನ ಗೂಡಿನಲ್ಲಿ ಕಾಣಿಸಿತು.  ಬಾಗಿಲ ಮೇಲೆ ಅಂಟಿ ಉಳಿದಿದ್ದ ಹಾಳೆಯ ಚೂರುಗಳನ್ನು ಧೃತಿ ಉಗುರಿನಿಂದ ಕೆರೆದು ತೆಗೆದಳು.

ಕಾರ್ತಿಕದಲ್ಲಿ ನಡಿಗೆ ಬಳಗದವರು ಎಪ್ಪತ್ತು ದಾಟಿಯೂ ಔಷಧ ಮುಟ್ಟದವರಿಗೆ ಸನ್ಮಾನ ಇಟ್ಟರು. ಅಣ್ಣನಿಗೆ ಶಾಲು ಹೊದಿಸಿದರು. ನಾನೂ ಹೋಗಿದ್ದೆ. ಅವನು ಹತ್ತು ನಿಮಿಷ ಚೆನ್ನಾಗಿ ಮಾತಾಡಿದ. ಮಿತ ಆಹಾರ, ಹೊತ್ತಿಗೆ ನಿದ್ದೆ, ನಡಿಗೆ. ಕೊನೆಗೆ ಹೇಳಿದ: "ನನ್ನ ಶ್ರೀಮತಿಯವರನ್ನೂ ಈ ದಾರಿಗೆ ತರೋಕೆ ಬಹಳ ಪ್ರಯತ್ನಪಟ್ಟೆ. ಅವ್ರಿಗೆ ಸಂಯಮ ಸಾಲದೇ ಹೋಯ್ತು." ಜನ ಅಯ್ಯೋ ಎಂದು ತಲೆಯಾಡಿಸಿದರು. ಗಂಗಾಧರಯ್ಯ ಮಾತ್ರ ಎದ್ದು ಹೊರಗೆ ಹೋದ. ಮಾರನೆಯ ದಿನದಿಂದ ಅವನು ಅಣ್ಣನ ಜೊತೆ ನಡೆಯಲಿಲ್ಲ.

ಒಬ್ಬನೇ ನಡೆಯಲು ಬೇಸರವಾಗಿಯೋ ಏನೋ, ಆ ವಾರ ಅಣ್ಣ ಒಂದು ಬೆಳಗ್ಗೆ ಬೇಗ ಬಂದ. ಹಿಂದಿನ ದಿನವಷ್ಟೇ ಆರಾಧನಾ ತುಪ್ಪ ಕಾಯಿಸಿದ್ದಳು. ವೀಳ್ಯದೆಲೆ ಹಾಕಬೇಕೆಂದು ನಾನು ಹೇಳಿಕೊಟ್ಟಿದ್ದೆ. ಏಳು ಗಂಟೆ. ಅತ್ತಿಗೆ ನಡುಮನೆಯ ಮಣೆಯ ಮೇಲೆ ಕೂತಿದ್ದಳು. ಮುಂದೆ ತಟ್ಟೆ, ಬಿಸಿ ಅನ್ನ, ತೊವ್ವೆ, ಮೇಲೆ ಒಂದು ಮಿಳ್ಳೆ ತುಪ್ಪ. "ಎಲ್ಲರದೂ ಆಯ್ತು ಅತ್ತೆ," ಎಂದು ಆರಾಧನಾ ಹೇಳಿಯಾಗಿತ್ತು. ಅತ್ತಿಗೆ ಅನ್ನಕ್ಕೆ ಬೆರಳು ಹಾಕಿಯೂ ಆಗಿತ್ತು.

ಅಣ್ಣ ಒಳಗೆ ಬಂದ. ಚಪ್ಪಲಿ ಬಿಟ್ಟ. ಕೋಲು ಮೂಲೆಗಿಟ್ಟ. ಅತ್ತಿಗೆ ತಲೆಯೆತ್ತಿದಳು.

"ನಿಮ್ದಾಯ್ತಾ?"

ಆರಾಧನಾ ಅವಳ ಹಿಂದೆ ನಿಂತು ಮಾವನಿಗೆ ಕೈ ಮುಗಿದು, ಆಯಿತು ಎನ್ನಿ ಎಂದು ತುಟಿ ಆಡಿಸಿದಳು. ನಾನೂ ಸನ್ನೆ ಮಾಡಿದೆ. ಅಣ್ಣ ನಮ್ಮಿಬ್ಬರನ್ನೂ ನೋಡಿದ.

"ಎಲ್ಲಿ ಆಯ್ತು? ಇನ್ನೂ ಸ್ನಾನಾನೇ ಆಗಿಲ್ಲ," ಎಂದು ಮಂಚದ ಮೇಲೆ ಕೂತ.

ಅತ್ತಿಗೆ ಅನ್ನದಿಂದ ಬೆರಳು ತೆಗೆದಳು. ಸೆರಗಿಗೆ ಕೈ ಒರೆಸಿಕೊಂಡಳು. ಒಂದು ಕೈ ನೆಲಕ್ಕೂರಿ ನಿಧಾನವಾಗಿ ಎದ್ದು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ತುಪ್ಪ ಚೆಲ್ಲದ ಹಾಗೆ ಹೆಜ್ಜೆ ಇಡುತ್ತ ಹೋಗಿ, ಅದನ್ನು ಅಣ್ಣನ ಮುಂದೆ ಹಿಡಿದಳು.